ಕಾಣದ ಕಿರಣವನ್ನು ಜಗತ್ತಿಗೆ ಕೊಟ್ಟ ರಾಂಟ್‌ಜೆನ್



ಮರದಿಂದ ಬಿದ್ದು ಕೈ ಮುರಿದುಕೊಂಡವರನ್ನು ಆಸ್ಪತ್ರೆಗೆ ಕರೆದೊಯ್ದರೆ ವೈದ್ಯರು ಮೊದಲು ಏನು ಮಾಡಿಸುತ್ತಾರೆ? ಎಕ್ಸ್‌ರೇ ತೆಗೆಸುತ್ತಾರೆ, ಅಲ್ಲವೇ? ಕಪ್ಪು ಚಿತ್ರದಲ್ಲಿ ಮೂಳೆಗಳು ಬೆಳ್ಳಗೆ ಕಾಣುತ್ತವೆ. ಮೂಳೆ ಎಲ್ಲಿ ಮುರಿದಿದೆ ಎಂದು ಚರ್ಮವನ್ನು ಕೊಯ್ಯದೆಯೇ ತಿಳಿಯುತ್ತದೆ. ಇದು ನಿಮಗೆಲ್ಲ ಗೊತ್ತಿರುವ ವಿಷಯ.

ಇದೇ ಕಿರಣದಿಂದ ಕ್ಯಾನ್ಸರ್ ಗಡ್ಡೆಗೆ ಚಿಕಿತ್ಸೆಯನ್ನೂ ಕೊಡುತ್ತಾರೆ ಎಂಬುದು ನಿಮಗೆ ಗೊತ್ತೇ? ಶ್ವಾಸಕೋಶದ ತುತ್ತತುದಿಯಲ್ಲಿ, ಶಸ್ತ್ರವೈದ್ಯರ ಕತ್ತರಿಗೂ ಸುಲಭವಾಗಿ ಸಿಗದ ಇಕ್ಕಟ್ಟಿನ ಜಾಗದಲ್ಲಿ ಬೆಳೆದ ಗಡ್ಡೆಯನ್ನೂ ಈ ಕಿರಣ ತಲುಪಬಲ್ಲದು. ಇದನ್ನು ಕಂಡುಹಿಡಿದವರು ಜರ್ಮನಿಯ ವಿಲ್ಹೆಲ್ಮ್ ಕೊನ್ರಾಡ್ ರಾಂಟ್‌ಜೆನ್. ಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗನೊಬ್ಬ ಜಗತ್ತಿನ ಮೊದಲ ಭೌತವಿಜ್ಞಾನ ನೊಬೆಲ್ ಪ್ರಶಸ್ತಿ ಪಡೆದ ಕಥೆ ಇದು. ಬನ್ನಿ, ತಿಳಿಯೋಣ.

ಗೆಳೆಯನ ಹೆಸರು ಹೇಳದ ಹುಡುಗ

ವಿಲ್ಹೆಲ್ಮ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ಜರ್ಮನಿಯ ಲೆನ್ನೆಪ್ ಎಂಬ ಊರಿನಲ್ಲಿ. ತಂದೆ ಬಟ್ಟೆ ವ್ಯಾಪಾರಿ. ತಾಯಿ ನೆದರ್ಲೆಂಡ್ಸ್ ದೇಶದವರು. ವಿಲ್ಹೆಲ್ಮ್‌ಗೆ 3 ವರ್ಷವಾದಾಗ ಈ ಕುಟುಂಬ ನೆದರ್ಲೆಂಡ್ಸ್‌ಗೆ ಹೋಗಿ ನೆಲೆಸಿತು. ಅವರಿಗೆ ಅವನೊಬ್ಬನೇ ಮಗ.

ಬಾಲಕ ವಿಲ್ಹೆಲ್ಮ್ ತರಗತಿಯಲ್ಲಿ ಎಲ್ಲರಿಗಿಂತ ಮುಂದಿರುವ ಹುಡುಗನೇನೂ ಆಗಿರಲಿಲ್ಲ. ಕಾಡು ಬಯಲುಗಳಲ್ಲಿ ಅಲೆಯುವುದು, ಕೈಯಿಂದ ಚಿಕ್ಕಪುಟ್ಟ ಯಂತ್ರಗಳನ್ನು ಮಾಡುವುದು ಅವನಿಗೆ ಇಷ್ಟ. ಮುಂದೆ ಅವನು ಯುಟ್ರೆಕ್ಟ್ ಎಂಬ ನಗರದ ತಾಂತ್ರಿಕ ಶಾಲೆಗೆ ಸೇರಿದ. ಅಲ್ಲಿ ಒಂದು ಘಟನೆ ನಡೆಯಿತು. ಒಬ್ಬ ವಿದ್ಯಾರ್ಥಿ ಶಿಕ್ಷಕರೊಬ್ಬರ ವ್ಯಂಗ್ಯಚಿತ್ರ ಬರೆದ. ಸಿಕ್ಕಿಬಿದ್ದವನು ಮಾತ್ರ ವಿಲ್ಹೆಲ್ಮ್! ಚಿತ್ರ ಬರೆದವರು ಯಾರೆಂದು ಕೇಳಿದಾಗ ಅವನು ಗೆಳೆಯನ ಹೆಸರು ಹೇಳಲು ಒಪ್ಪಲಿಲ್ಲ. ಪರಿಣಾಮವಾಗಿ ಶಾಲೆಯಿಂದಲೇ ಅವನನ್ನು ಹೊರಹಾಕಿದರು.

ಶಾಲೆ ಮುಗಿಸಿದ ಪ್ರಮಾಣಪತ್ರ ಇಲ್ಲದಿದ್ದರೆ ವಿಶ್ವವಿದ್ಯಾನಿಲಯದಲ್ಲಿ ಪ್ರವೇಶ ಸಿಗುವುದು ಆಗ ಬಹಳ ಕಷ್ಟ. ಸ್ವಿಟ್ಜರ್‌ಲೆಂಡ್‌ನ ಜ್ಯೂರಿಕ್ ನಗರದ ಪಾಲಿಟೆಕ್ನಿಕ್‌ನಲ್ಲಿ ಮಾತ್ರ ಆ ಪ್ರಮಾಣಪತ್ರ ಇಲ್ಲದವರಿಗೂ ಅವಕಾಶವಿತ್ತು. 1865ರಲ್ಲಿ ವಿಲ್ಹೆಲ್ಮ್ ಅಲ್ಲಿ ಸೇರಿ ಯಂತ್ರವಿಜ್ಞಾನ ಓದಿದ. 1869ರಲ್ಲಿ ಡಾಕ್ಟರೇಟ್ ಪದವಿ ಪಡೆದ. ಆಗಸ್ಟ್ ಕುಂಡ್ಟ್ ಎಂಬ ಪ್ರಾಧ್ಯಾಪಕರ ಸಹಾಯಕನಾಗಿ ಸೇರಿ ಪ್ರಯೋಗ ಮಾಡುವುದನ್ನು ಕಲಿತ.

ಬೇಡವೆಂದ ಕಡೆಯೇ ಮುಖ್ಯಸ್ಥರಾದರು

ಕುಂಡ್ಟ್ ಅವರ ಜೊತೆ ರಾಂಟ್‌ಜೆನ್ ಜರ್ಮನಿಯ ವುರ್ಜ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಅಲ್ಲಿ ಬೋಧಕನಾಗಬೇಕೆಂಬ ಆಸೆ ಅವರಿಗಿತ್ತು. ಆದರೆ ಹಳೆಯ ಶಾಲಾ ಪ್ರಮಾಣಪತ್ರ ಇಲ್ಲವೆಂಬ ಕಾರಣಕ್ಕೆ ವಿಶ್ವವಿದ್ಯಾನಿಲಯ ಅನುಮತಿ ಕೊಡಲಿಲ್ಲ. ಡಾಕ್ಟರೇಟ್ ಇದ್ದರೂ ಪ್ರಯೋಜನವಾಗಲಿಲ್ಲ!

ರಾಂಟ್‌ಜೆನ್ ಬೇಸರದಿಂದ ಕೈಚೆಲ್ಲಿ ಕೂರಲಿಲ್ಲ. ಬೇರೆ ಊರುಗಳಲ್ಲಿ ದುಡಿದರು. ಸ್ಟ್ರಾಸ್‌ಬರ್ಗ್, ಹೋಹೆನ್‌ಹೈಮ್, ಗೀಸೆನ್ ಹೀಗೆ ಒಂದೊಂದೇ ಕಡೆ ಪಾಠ ಮಾಡುತ್ತ, ಪ್ರಯೋಗ ನಡೆಸುತ್ತ ಹೆಸರು ಗಳಿಸಿದರು. ತಮ್ಮ ಉಪಕರಣಗಳನ್ನು ಆದಷ್ಟು ತಾವೇ ಮಾಡಿಕೊಳ್ಳುತ್ತಿದ್ದರು. ಅಳತೆಯಲ್ಲಿ ಎಳ್ಳಷ್ಟು ತಪ್ಪಾಗಲೂ ಬಿಡುತ್ತಿರಲಿಲ್ಲ. 1888ರಲ್ಲಿ ಅದೇ ವುರ್ಜ್‌ಬರ್ಗ್ ವಿಶ್ವವಿದ್ಯಾನಿಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. 1894ರಲ್ಲಿ ಅವರು ಅದರ ಮುಖ್ಯಸ್ಥರೂ ಆದರು.

ಕತ್ತಲಲ್ಲಿ ಹೊಳೆದ ತೆರೆ

ಆ ಕಾಲದಲ್ಲಿ ಹಲವು ವಿಜ್ಞಾನಿಗಳು ವಿಸರ್ಜನಾ ನಳಿಕೆ ಎಂಬ ಉಪಕರಣದ ಮೇಲೆ ಪ್ರಯೋಗ ಮಾಡುತ್ತಿದ್ದರು. ಇದೊಂದು ಗಾಜಿನ ನಳಿಕೆ. ಅದರೊಳಗಿನ ಗಾಳಿಯನ್ನು ಬಹುಪಾಲು ಹೊರತೆಗೆದಿರುತ್ತಾರೆ. ಎರಡು ತುದಿಗಳ ನಡುವೆ ಹೆಚ್ಚಿನ ವೋಲ್ಟೇಜಿನ ವಿದ್ಯುತ್ ಹಾಯಿಸಿದರೆ ಒಳಗೆ ಕಿರಣಗಳು ಹರಿಯುತ್ತವೆ. ಈ ಕಿರಣಗಳು ಎಲೆಕ್ಟ್ರಾನುಗಳ ಪ್ರವಾಹ ಎಂದು ನಮಗೆ ಈಗ ಗೊತ್ತು.

1895ರ ನವೆಂಬರ್ 8, ಶುಕ್ರವಾರ. ಸಂಜೆಯ ಹೊತ್ತು ರಾಂಟ್‌ಜೆನ್ ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದರು. ನಳಿಕೆಗೆ ಕಪ್ಪು ರಟ್ಟು ಸುತ್ತಿ ಬೆಳಕು ಹೊರಗೆ ಬಾರದಂತೆ ಮುಚ್ಚಿದ್ದರು. ಕೋಣೆಯನ್ನೂ ಕತ್ತಲು ಮಾಡಿದ್ದರು. ವಿದ್ಯುತ್ ಹಾಯಿಸಿದಾಗ, ನಳಿಕೆಯಿಂದ ದೂರದಲ್ಲಿದ್ದ ಒಂದು ಕಾಗದದ ತೆರೆ ಹೊಳೆಯಿತು! ಆ ತೆರೆಗೆ ಬೇರಿಯಂ ಪ್ಲಾಟಿನೋಸಯನೈಡ್ ಎಂಬ ರಾಸಾಯನಿಕ ಬಳಿಯಲಾಗಿತ್ತು. ವಿದ್ಯುತ್ ನಿಲ್ಲಿಸಿದರೆ ಹೊಳಪು ಮಾಯ. ಮತ್ತೆ ಹಾಯಿಸಿದರೆ ಮತ್ತೆ ಹೊಳಪು.

ಬೆಳಕು ರಟ್ಟಿನಿಂದ ಹೊರಬರಲು ಸಾಧ್ಯವಿಲ್ಲ. ಎಲೆಕ್ಟ್ರಾನ್ ಪ್ರವಾಹ ಗಾಳಿಯಲ್ಲಿ ಕೆಲವೇ ಸೆಂಟಿಮೀಟರು ಸಾಗಿ ನಿಂತುಬಿಡುತ್ತದೆ. ಆದರೆ ತೆರೆಯನ್ನು 2 ಮೀಟರ್ ದೂರ ಇಟ್ಟರೂ ಅದು ಹೊಳೆಯುತ್ತಿತ್ತು. ಹಾಗಾದರೆ ಅಷ್ಟು ದೂರ ಬಂದದ್ದು ಏನು?

ಇಲ್ಲಿ ರಾಂಟ್‌ಜೆನ್ ಅವರ ನಿಜವಾದ ದೊಡ್ಡತನ ಕಾಣುತ್ತದೆ. ಅವರು ಕೂಡಲೇ ಹೊರಗೆ ಓಡಿ ಎಲ್ಲರಿಗೂ ಹೇಳಲಿಲ್ಲ. ಏಳು ವಾರಗಳ ಕಾಲ ಪ್ರಯೋಗಾಲಯದಲ್ಲೇ ಇದ್ದು ಪರೀಕ್ಷೆ ಮಾಡಿದರು. ಊಟ, ನಿದ್ರೆ ಎಲ್ಲವೂ ಹೆಚ್ಚುಕಡಿಮೆ ಅಲ್ಲೇ. ಕಿರಣದ ದಾರಿಯಲ್ಲಿ ಕಾಗದ ಇಟ್ಟರು, ಮರದ ಹಲಗೆ ಇಟ್ಟರು, ದಪ್ಪ ಪುಸ್ತಕ ಇಟ್ಟರು. ಕಿರಣ ಎಲ್ಲವನ್ನೂ ದಾಟಿತು. ಸೀಸದ ತಗಡು ಮಾತ್ರ ಅದನ್ನು ಚೆನ್ನಾಗಿ ತಡೆಯಿತು. ಕಿರಣದ ದಾರಿಗೆ ಕೈ ಅಡ್ಡ ಹಿಡಿದಾಗ ತೆರೆಯ ಮೇಲೆ ಅವರ ಕೈಯ ಮೂಳೆಗಳ ನೆರಳು ಮೂಡಿತು!

ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ಎಕ್ಸ್ ಎಂದು ಕರೆಯುತ್ತೇವೆ. ಹಾಗೆಯೇ ರಾಂಟ್‌ಜೆನ್ ತಮಗೆ ಗೊತ್ತಿಲ್ಲದ ಈ ಕಿರಣಕ್ಕೆ ಎಕ್ಸ್ ಕಿರಣ ಎಂದು ಹೆಸರಿಟ್ಟರು. ನಮ್ಮ ಪಠ್ಯಪುಸ್ತಕಗಳಲ್ಲಿ ಅದೇ ಕ್ಷ-ಕಿರಣ ಎಂದಾಯಿತು. ವೇಗವಾಗಿ ಬಂದ ಎಲೆಕ್ಟ್ರಾನುಗಳು ನಳಿಕೆಯ ಗಾಜಿಗೆ ಬಡಿದು ತಟಕ್ಕನೆ ನಿಂತಾಗ ಈ ಕಿರಣ ಹುಟ್ಟುತ್ತಿತ್ತು. ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಬರ್ತಾ ಅವರ ಕೈ

1895ರ ಡಿಸೆಂಬರ್ 22ರಂದು ರಾಂಟ್‌ಜೆನ್ ತಮ್ಮ ಪತ್ನಿ ಬರ್ತಾ ಅವರನ್ನು ಪ್ರಯೋಗಾಲಯಕ್ಕೆ ಕರೆದರು. ಫೋಟೋ ಫಲಕದ ಮೇಲೆ ಅವರ ಕೈ ಇರಿಸಿ ಸುಮಾರು 15 ನಿಮಿಷ ಕಿರಣ ಹಾಯಿಸಿದರು. ಫಲಕವನ್ನು ತೊಳೆದು ನೋಡಿದಾಗ ಬೆರಳಿನ ಮೂಳೆಗಳು, ಒಂದು ಬೆರಳಲ್ಲಿದ್ದ ಉಂಗುರ ಎಲ್ಲವೂ ಕಂಡವು. ಬದುಕಿರುವಾಗಲೇ ತಮ್ಮ ಮೂಳೆಗಳನ್ನು ಕಂಡ ಬರ್ತಾ ಬೆಚ್ಚಿಬಿದ್ದರೆಂದು ಹೇಳುತ್ತಾರೆ. ನೀವಾಗಿದ್ದರೂ ಹೆದರುತ್ತಿದ್ದಿರಿ, ಅಲ್ಲವೇ?

ಡಿಸೆಂಬರ್ 28ರಂದು ರಾಂಟ್‌ಜೆನ್ ತಮ್ಮ ವರದಿಯನ್ನು ವುರ್ಜ್‌ಬರ್ಗ್‌ನ ವಿಜ್ಞಾನ ಸಂಘಕ್ಕೆ ಕೊಟ್ಟರು. ಹೊಸ ವರ್ಷದ ಮೊದಲ ವಾರದಲ್ಲೇ ಸುದ್ದಿ ಪತ್ರಿಕೆಗಳಿಗೆ ಬಂತು. ಕೆಲವೇ ವಾರಗಳಲ್ಲಿ ಹಲವು ದೇಶಗಳ ವೈದ್ಯರು ಮುರಿದ ಮೂಳೆ, ಮೈಗೆ ಹೊಕ್ಕ ಗುಂಡು ಮತ್ತು ಸೂಜಿಗಳನ್ನು ಹುಡುಕಲು ಈ ಕಿರಣ ಬಳಸತೊಡಗಿದರು.

ನನ್ನದು ಎನ್ನಲಿಲ್ಲ

ಹೊಸದನ್ನು ಕಂಡುಹಿಡಿದವರು ಅದರ ಮೇಲೆ ಪೇಟೆಂಟ್ ಪಡೆಯಬಹುದು. ಪೇಟೆಂಟ್ ಎಂದರೆ, ಅದನ್ನು ಬಳಸುವವರು ಕಂಡುಹಿಡಿದವರ ಅನುಮತಿ ಕೇಳಬೇಕು, ಹಣ ಕೊಡಬೇಕು. ರಾಂಟ್‌ಜೆನ್ ಪೇಟೆಂಟ್ ಪಡೆದಿದ್ದರೆ ಬಹಳ ಶ್ರೀಮಂತರಾಗುತ್ತಿದ್ದರು. ಅವರು ಪಡೆಯಲಿಲ್ಲ. ತಮ್ಮ ಶೋಧ ಇಡೀ ಮನುಕುಲಕ್ಕೆ ಸೇರಬೇಕು ಎಂಬುದು ಅವರ ನಿಲುವು. ಆದ್ದರಿಂದ ಬಡವರ ಆಸ್ಪತ್ರೆಯೂ ಯಾರ ಅಪ್ಪಣೆಯನ್ನೂ ಕೇಳದೆ ಕ್ಷ-ಕಿರಣ ಬಳಸಬಹುದಾಯಿತು.

1901ರಲ್ಲಿ ನೊಬೆಲ್ ಪ್ರಶಸ್ತಿಗಳು ಆರಂಭವಾದವು. ಭೌತವಿಜ್ಞಾನದ ಮೊದಲ ಪ್ರಶಸ್ತಿ ರಾಂಟ್‌ಜೆನ್ ಅವರಿಗೆ ಸಂದಿತು. ಪ್ರಶಸ್ತಿಯ ಹಣವನ್ನು ಅವರು ವುರ್ಜ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟುಬಿಟ್ಟರು. ಹಿಂದೆ ತಮಗೆ ಪಾಠ ಮಾಡಲು ಬಿಡದಿದ್ದ ವಿಶ್ವವಿದ್ಯಾನಿಲಯವದು! ಈ ಕಿರಣವನ್ನು ರಾಂಟ್‌ಜೆನ್ ಕಿರಣ ಎಂದು ಇತರರು ಕರೆದರೂ ಅವರು ಮಾತ್ರ ಎಕ್ಸ್ ಕಿರಣ ಎಂದೇ ಹೇಳುತ್ತಿದ್ದರು.

ಕಿರಣದ ಇನ್ನೊಂದು ಮುಖ

ಕ್ಷ-ಕಿರಣ ಕಣ್ಣಿಗೆ ಕಾಣದು, ಮೈಗೆ ತಾಗಿದ್ದೂ ತಿಳಿಯದು. ಆದ್ದರಿಂದ ಮೊದಮೊದಲು ಜನ ಅದನ್ನು ಆಟದ ವಸ್ತುವಿನಂತೆ ಬಳಸಿದರು. ಅಮೆರಿಕದಲ್ಲಿ ಥಾಮಸ್ ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡಾಲಿ ಎಂಬವರು ನಳಿಕೆಗಳನ್ನು ಪರೀಕ್ಷಿಸಲು ದಿನವೂ ತಮ್ಮ ಕೈಗಳನ್ನೇ ಕಿರಣಕ್ಕೆ ಒಡ್ಡುತ್ತಿದ್ದರು. ಅವರ ಚರ್ಮ ಸುಟ್ಟು ಹುಣ್ಣಾಯಿತು. ಹುಣ್ಣು ಕ್ಯಾನ್ಸರ್ ಆಯಿತು. ಎರಡೂ ತೋಳುಗಳನ್ನು ಕತ್ತರಿಸಿದರೂ ಅವರು ಉಳಿಯಲಿಲ್ಲ. 1904ರಲ್ಲಿ ತೀರಿಕೊಂಡರು. ಎಡಿಸನ್ ಕ್ಷ-ಕಿರಣದ ಕೆಲಸವನ್ನೇ ಬಿಟ್ಟುಬಿಟ್ಟರು.

ಇದೇ ಸಮಯದಲ್ಲಿ ಕೆಲವು ವೈದ್ಯರು ಬೇರೊಂದು ರೀತಿಯಲ್ಲಿ ಯೋಚಿಸಿದರು. ಕಿರಣ ಜೀವಕೋಶಗಳನ್ನು ಹಾಳುಮಾಡುತ್ತದೆ ಎಂದಾದರೆ, ನಮಗೆ ಬೇಡವಾದ ಜೀವಕೋಶಗಳನ್ನೇ ಅದರಿಂದ ಹಾಳುಮಾಡಬಾರದೇಕೆ? 1896ರಲ್ಲಿ ವಿಯೆನ್ನಾ ನಗರದ ಲಿಯೋಪೋಲ್ಡ್ ಫ್ರಾಯಿಂಡ್ ಎಂಬ ವೈದ್ಯರು 5 ವರ್ಷದ ಹುಡುಗಿಯೊಬ್ಬಳ ಬೆನ್ನ ಮೇಲಿದ್ದ ಕೂದಲು ತುಂಬಿದ ದೊಡ್ಡ ಮಚ್ಚೆಗೆ ಕಿರಣ ಕೊಟ್ಟರು. ಕೂದಲು ಉದುರಿತು. ಕಿರಣದಿಂದ ಚಿಕಿತ್ಸೆ ಮಾಡಬಹುದು ಎಂದು ಗೊತ್ತಾಯಿತು. ಕ್ರಮೇಣ ಕ್ಯಾನ್ಸರ್ ಗಡ್ಡೆಗಳಿಗೂ ಕಿರಣ ಕೊಡತೊಡಗಿದರು. ಇದೇ ವಿಕಿರಣ ಚಿಕಿತ್ಸೆ.

ಹಾಗಾದರೆ ಕ್ಷ-ಕಿರಣ ಒಳ್ಳೆಯದೋ ಕೆಟ್ಟದ್ದೋ? ಒಲೆಯ ಬೆಂಕಿಯನ್ನು ನೆನೆಸಿಕೊಳ್ಳಿ. ಅದು ಅನ್ನವನ್ನೂ ಬೇಯಿಸುತ್ತದೆ, ಕೈಯನ್ನೂ ಸುಡುತ್ತದೆ. ಎಲ್ಲಿ, ಎಷ್ಟು, ಹೇಗೆ ಎಂಬ ಅಳತೆ ತಿಳಿದಿರಬೇಕು, ಅಷ್ಟೇ.

ರಾಂಟ್‌ಜೆನ್ ಅವರ ಕೊನೆಯ ದಿನಗಳು

1900ರಲ್ಲಿ ರಾಂಟ್‌ಜೆನ್ ಮ್ಯೂನಿಕ್ ನಗರದ ವಿಶ್ವವಿದ್ಯಾನಿಲಯಕ್ಕೆ ಹೋಗಿ ನಿವೃತ್ತಿಯವರೆಗೆ ಅಲ್ಲಿಯೇ ದುಡಿದರು. 1914ರಿಂದ 1918ರವರೆಗೆ ಮೊದಲ ಮಹಾಯುದ್ಧ ನಡೆಯಿತು. ಯುದ್ಧದ ನಂತರ ಜರ್ಮನಿಯಲ್ಲಿ ಹಣದ ಬೆಲೆ ಕುಸಿಯಿತು. ರಾಂಟ್‌ಜೆನ್ ಅವರ ಉಳಿತಾಯವೂ ಕರಗಿತು. 1919ರಲ್ಲಿ ಬರ್ತಾ ತೀರಿಕೊಂಡರು. 1923ರ ಫೆಬ್ರುವರಿ 10ರಂದು ರಾಂಟ್‌ಜೆನ್ ಕರುಳಿನ ಕ್ಯಾನ್ಸರಿನಿಂದ ನಿಧನರಾದರು. ಆಗ ಅವರಿಗೆ 77 ವರ್ಷ. ಅವರು ಈ ಕಿರಣದ ಜೊತೆ ಕೆಲಸ ಮಾಡಿದ್ದು ಸ್ವಲ್ಪ ಕಾಲ ಮಾತ್ರ, ಅದೂ ಲೋಹದ ತಗಡಿನ ಮರೆಯಲ್ಲಿ. ಹಾಗಾಗಿ ಅವರ ಕಾಯಿಲೆಗೆ ಕಿರಣ ಕಾರಣವಲ್ಲ ಎಂದೇ ತಿಳಿದವರು ಭಾವಿಸುತ್ತಾರೆ.

ಅವರು ಹೋದರು, ಅವರು ಕೊಟ್ಟ ಕಿರಣ ಉಳಿಯಿತು. ಮುಂದಿನ ವರ್ಷವೇ ಅದು ಅಮೆರಿಕದಲ್ಲಿ ಅಡಗಿದ್ದ ಒಂದು ಕಾಯಿಲೆಯನ್ನು ಬೆಳಕಿಗೆ ತಂದಿತು.

ಹೆಗಲು ನೋವಿನ ಹಿಂದೆ ಅಡಗಿದ್ದ ಗಡ್ಡೆ

ನಿಮ್ಮ ಕತ್ತಿನ ಬುಡದಿಂದ ಹೆಗಲಿನತ್ತ ಹೋಗುವ ಮೂಳೆಯನ್ನು ಮುಟ್ಟಿ ನೋಡಿ. ಶ್ವಾಸಕೋಶದ ತುದಿ ಅಲ್ಲಿಯವರೆಗೂ ಬಂದಿರುತ್ತದೆ. ಅದು ತುಂಬ ಇಕ್ಕಟ್ಟಾದ ಜಾಗ. ಪಕ್ಕೆಲುಬು, ಬೆನ್ನುಮೂಳೆ, ತೋಳಿಗೆ ಹೋಗುವ ದೊಡ್ಡ ರಕ್ತನಾಳಗಳು, ತೋಳನ್ನು ಆಡಿಸುವ ನರಗಳು ಎಲ್ಲವೂ ಅಲ್ಲಿ ಒತ್ತೊತ್ತಾಗಿವೆ.

ಈ ತುದಿಯಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದರೆ ಮೊದಲಿಗೆ ಕೆಮ್ಮು ಬರದೇ ಇರಬಹುದು. ಗಡ್ಡೆ ಪಕ್ಕದ ನರಗಳನ್ನು ಒತ್ತುತ್ತದೆ. ಹೆಗಲು ನೋಯುತ್ತದೆ, ನೋವು ತೋಳಿಗೆ ಇಳಿಯುತ್ತದೆ, ಕೈ ಬಲ ಕಳೆದುಕೊಳ್ಳುತ್ತದೆ. ಕೆಲವರಲ್ಲಿ ಆ ಬದಿಯ ಕಣ್ಣಿನ ರೆಪ್ಪೆ ಜೋತುಬೀಳುತ್ತದೆ. ಭಾರ ಹೊತ್ತಿದ್ದರಿಂದ ಬಂದ ನೋವು, ವಯಸ್ಸಾದ್ದರಿಂದ ಬಂದ ವಾಯು ಎಂದುಕೊಂಡು ಜನ ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ಕಾಯಿಲೆ ಇರುವುದು ಎದೆಯಲ್ಲಿ ಎಂದು ಯಾರಿಗೂ ಹೊಳೆಯುವುದಿಲ್ಲ.

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಹೆನ್ರಿ ಪ್ಯಾನ್‌ಕೋಸ್ಟ್ ಎಂಬ ಕ್ಷ-ಕಿರಣ ತಜ್ಞರಿದ್ದರು. ಇಂಥ ರೋಗಿಗಳ ಎದೆಯ ಎಕ್ಸ್‌ರೇ ಚಿತ್ರಗಳನ್ನು ಅವರು ಎಚ್ಚರದಿಂದ ನೋಡಿದರು. ಶ್ವಾಸಕೋಶದ ತುದಿಯಲ್ಲಿ ಒಂದು ಸಣ್ಣ ನೆರಳು ಕಂಡಿತು. 1924ರಲ್ಲಿ ಮತ್ತು 1932ರಲ್ಲಿ ಅವರು ಈ ಗಡ್ಡೆಗಳ ಬಗ್ಗೆ ಬರೆದರು. ಇಂದಿಗೂ ವೈದ್ಯರು ಇವನ್ನು ಪ್ಯಾನ್‌ಕೋಸ್ಟ್ ಗಡ್ಡೆ ಎನ್ನುತ್ತಾರೆ.

ಆದರೆ ಗಡ್ಡೆ ಕಂಡರೆ ಸಾಕೇ? ಅದನ್ನು ತೆಗೆಯುವುದು ಹೇಗೆ? ನರ, ರಕ್ತನಾಳ, ಮೂಳೆಗಳಿಗೆ ಅಂಟಿಕೊಂಡಿದ್ದ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ಅಸಾಧ್ಯ ಎಂದೇ ಬಹುಕಾಲ ನಂಬಿದ್ದರು. 1961ರಲ್ಲಿ ಅಮೆರಿಕದ ಡಲ್ಲಾಸ್ ನಗರದ ರಾಬರ್ಟ್ ಶಾ, ಡೊನಾಲ್ಡ್ ಪಾಲ್ಸನ್ ಮತ್ತು ಅವರ ಜೊತೆಗಾರರು ಹೊಸ ದಾರಿ ತೋರಿಸಿದರು. ಮೊದಲು ಕಿರಣ ಕೊಟ್ಟು ಗಡ್ಡೆಯನ್ನು ಕುಗ್ಗಿಸುವುದು, ನಂತರ ಶಸ್ತ್ರಚಿಕಿತ್ಸೆ ಮಾಡಿ ತೆಗೆಯುವುದು. ಈಗ ಇದರ ಜೊತೆಗೆ ಔಷಧಿಗಳನ್ನೂ ಕೊಡುತ್ತಾರೆ. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದವರಿಗೆ ಕಿರಣ ಮತ್ತು ಔಷಧಿಗಳೇ ಆಧಾರ. ಎಲ್ಲರೂ ಗುಣವಾಗುತ್ತಾರೆ ಎಂದು ಹೇಳಲಾಗದು. ಆದರೆ ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ಪೂರ್ತಿ ಗುಣವಾಗದಿದ್ದರೂ ಕಿರಣದಿಂದ ನೋವು ಕಡಿಮೆಯಾಗುತ್ತದೆ.

ಕಿರಣ ಮದ್ದಾಗುವುದು ಹೇಗೆ?

ಪ್ರತಿ ಜೀವಕೋಶದೊಳಗೆ ಡಿಎನ್‌ಎ ಎಂಬ ಉದ್ದನೆಯ ಎಳೆ ಇದೆ. ಜೀವಕೋಶ ಹೇಗೆ ಬೆಳೆಯಬೇಕು, ಯಾವಾಗ ಎರಡಾಗಬೇಕು ಎಂಬ ಸೂಚನೆಗಳೆಲ್ಲ ಅದರಲ್ಲಿವೆ. ಕ್ಷ-ಕಿರಣ ಆ ಎಳೆಯನ್ನು ತುಂಡರಿಸುತ್ತದೆ. ಆರೋಗ್ಯವಂತ ಜೀವಕೋಶಗಳು ತುಂಡಾದ ಎಳೆಯನ್ನು ಚೆನ್ನಾಗಿ ಸರಿಪಡಿಸಿಕೊಳ್ಳುತ್ತವೆ. ಕ್ಯಾನ್ಸರ್ ಜೀವಕೋಶಗಳಿಗೆ ಅಷ್ಟು ಚೆನ್ನಾಗಿ ಸರಿಪಡಿಸಿಕೊಳ್ಳಲು ಬಾರದು. ಅದಕ್ಕೇ ಚಿಕಿತ್ಸೆಯನ್ನು ಒಂದೇ ದಿನ ಕೊಡುವುದಿಲ್ಲ. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ, 5ರಿಂದ 6 ವಾರ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ಹಾಲನ್ನು ಲೀಟರಿನಲ್ಲಿ ಅಳೆಯುವಂತೆ ದೇಹಕ್ಕೆ ಸೇರಿದ ವಿಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ದಿನಕ್ಕೆ ಸುಮಾರು 2 ಗ್ರೇ. ಮಧ್ಯದ ಬಿಡುವಿನಲ್ಲಿ ಒಳ್ಳೆಯ ಜೀವಕೋಶಗಳು ಚೇತರಿಸಿಕೊಳ್ಳುತ್ತವೆ.

ಇದಕ್ಕೆ ಬಳಸುವ ಯಂತ್ರದ ಹೆಸರು ರೇಖೀಯ ವೇಗೋತ್ಕರ್ಷಕ. ಹೆಸರು ದೊಡ್ಡದು, ತತ್ವ ನೀವು ಈಗಾಗಲೇ ಓದಿದ್ದೇ. ಎಲೆಕ್ಟ್ರಾನುಗಳನ್ನು ಬಹಳ ವೇಗವಾಗಿ ಓಡಿಸಿ ಟಂಗ್‌ಸ್ಟನ್ ಲೋಹಕ್ಕೆ ಬಡಿಸುತ್ತಾರೆ. ಅವು ತಟಕ್ಕನೆ ನಿಂತಾಗ ಕ್ಷ-ಕಿರಣ ಹುಟ್ಟುತ್ತದೆ. ರಾಂಟ್‌ಜೆನ್ ಅವರ ಗಾಜಿನ ನಳಿಕೆಯಲ್ಲಿ ನಡೆದದ್ದೂ ಇದೇ! ಆದರೆ ಈ ಯಂತ್ರದ ಕಿರಣ ಬಹಳ ಶಕ್ತಿಯುತ. ಅದು ಚರ್ಮವನ್ನು ಹೆಚ್ಚು ಸುಡದೆ ಆಳದ ಗಡ್ಡೆಯನ್ನು ತಲುಪುತ್ತದೆ. 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಇಂಥ ಯಂತ್ರದಿಂದ ಮೊದಲ ಬಾರಿಗೆ ಚಿಕಿತ್ಸೆ ಕೊಟ್ಟರು. ಇಂದು ನಮ್ಮ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೂ ಇಂಥ ಯಂತ್ರಗಳಿವೆ.

ಶ್ವಾಸಕೋಶದ ತುದಿಯಲ್ಲಿ ಒಂದು ಅಪಾಯವಿದೆ. ಪಕ್ಕದಲ್ಲೇ ಬೆನ್ನುಹುರಿ ಇದೆ. ಅದಕ್ಕೆ ಮಿತಿಮೀರಿ ಕಿರಣ ತಾಗಿದರೆ ಕೈಕಾಲುಗಳ ಶಕ್ತಿಯೇ ಹೋಗಬಹುದು. ಆದ್ದರಿಂದ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ಗಡ್ಡೆಯ ನಕ್ಷೆ ತಯಾರಿಸುತ್ತಾರೆ. ಆ ಸ್ಕ್ಯಾನ್ ತೆಗೆಯುವುದೂ ಕ್ಷ-ಕಿರಣದಿಂದಲೇ. ನಂತರ ಬೇರೆ ಬೇರೆ ದಿಕ್ಕುಗಳಿಂದ ಕಿರಣ ಹಾಯಿಸಿ, ಅವೆಲ್ಲ ಗಡ್ಡೆಯ ಮೇಲೆ ಸೇರುವಂತೆ ಮಾಡುತ್ತಾರೆ.

ಮಾಡಿ ನೋಡಿ

ನಾಲ್ಕು ಟಾರ್ಚುಗಳನ್ನು ತನ್ನಿ. ಕಿಟಕಿ ಮುಚ್ಚಿ ಕೋಣೆಯನ್ನು ಮಬ್ಬು ಮಾಡಿ. ನಾಲ್ವರು ಬೇರೆ ಬೇರೆ ಕಡೆ ನಿಂತು, ಗೋಡೆಯ ಒಂದೇ ಜಾಗಕ್ಕೆ ಬೆಳಕು ಬಿಡಿ. ಯಾರ ಕಣ್ಣಿಗೂ ಬಿಡಬೇಡಿ. ಈಗ ಬೆಳಕಿನ ದಾರಿಗೆ ಅಡ್ಡವಾಗಿ ಒಂದು ಬಿಳಿ ಹಾಳೆ ಹಿಡಿಯಿರಿ. ಅದರ ಮೇಲೆ ಒಂದೇ ಟಾರ್ಚಿನ ಬೆಳಕು ಬೀಳುತ್ತದೆ. ಗೋಡೆಯ ಮೇಲೆ ಮಾತ್ರ ನಾಲ್ಕರ ಬೆಳಕೂ ಸೇರಿ ಹೆಚ್ಚು ಪ್ರಕಾಶವಾಗಿರುತ್ತದೆ. ಗೋಡೆಯ ಆ ಜಾಗವೇ ಗಡ್ಡೆ, ಹಾಳೆಯೇ ಆರೋಗ್ಯವಂತ ಭಾಗ ಎಂದುಕೊಳ್ಳಿ. ವಿಕಿರಣ ಚಿಕಿತ್ಸೆಯ ಉಪಾಯ ಈಗ ಅರ್ಥವಾಯಿತೇ?

ಇಷ್ಟು ನೆನಪಿಡಿ

ವಿಕಿರಣ ಚಿಕಿತ್ಸೆ ಪಡೆಯುವಾಗ ನೋವಾಗುವುದಿಲ್ಲ. ಆಮೇಲೆ ಕೆಲವು ವಾರ ಆಯಾಸ, ನುಂಗುವಾಗ ಗಂಟಲು ನೋವು, ಚರ್ಮ ಕೆಂಪಾಗುವುದು ಇರಬಹುದು. ಯಂತ್ರದಿಂದ ಹೀಗೆ ಕಿರಣ ಪಡೆದವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ನಿಮ್ಮ ಮನೆಯ ಅಜ್ಜನೋ ಚಿಕ್ಕಪ್ಪನೋ ಇಂಥ ಚಿಕಿತ್ಸೆ ಪಡೆದು ಬಂದರೆ ದೂರ ಸರಿಯಬೇಡಿ. ಪಕ್ಕದಲ್ಲೇ ಕುಳಿತು ಊಟ ಮಾಡಿ, ಕೈ ಹಿಡಿದು ಮಾತಾಡಿ. ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ.

ಶ್ವಾಸಕೋಶದ ಕ್ಯಾನ್ಸರಿಗೆ ಬೀಡಿ, ಸಿಗರೇಟುಗಳ ಹೊಗೆಯೇ ಅತಿ ದೊಡ್ಡ ಕಾರಣ. ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ ಈ ಪಾಠವನ್ನು ಅವರಿಗೆ ಓದಿ ಹೇಳಿ. ವಾರಗಟ್ಟಲೆ ಹೆಗಲು ನೋವು ಹೋಗದಿದ್ದರೆ ಆಸ್ಪತ್ರೆಗೆ ತೋರಿಸಲು ಹೇಳಿ. ಅಂಥ ನೋವೆಲ್ಲ ಕ್ಯಾನ್ಸರ್ ಅಲ್ಲ, ಆದರೆ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

2004ರಲ್ಲಿ ವಿಜ್ಞಾನಿಗಳು 111ನೆಯ ಧಾತುವಿಗೆ ರಾಂಟ್‌ಜೆನಿಯಂ ಎಂದು ಹೆಸರಿಟ್ಟು ರಾಂಟ್‌ಜೆನ್ ಅವರನ್ನು ಗೌರವಿಸಿದರು. ನಿಮ್ಮ ಶಾಲೆಯಲ್ಲಿ ಆವರ್ತ ಕೋಷ್ಟಕದ ಪಟ ಇದ್ದರೆ ಆ ಹೆಸರು ಎಲ್ಲಿದೆ ಹುಡುಕಿ. ಪ್ರತಿ ವರ್ಷ ನವೆಂಬರ್ 8 ಬಂದಾಗ, ಗೆಳೆಯನ ಹೆಸರು ಹೇಳದೆ ಶಾಲೆ ಬಿಟ್ಟ ಆ ಹುಡುಗನ ಕಥೆಯನ್ನು ನಿಮ್ಮ ತರಗತಿಯಲ್ಲಿ ಹೇಳಿ.